ಸದ್ದಿಲ್ಲದ ವ್ಯಾಧಿ: ಕನ್ನಡ ನಾಡು ಖಿನ್ನತೆಯನ್ನು ಗುರುತಿಸಿದ ಬಗೆ

ಶರಣರು ತಮ್ಮ ಮನಸ್ಸಿನ ಸಂಗಡ ಮಾತನಾಡಿದಷ್ಟು ನಿರ್ಭಿಡೆಯಿಂದ ಮಾತನಾಡಿದವರು ವಿರಳ. ಅವರು ಮನವನ್ನು ಗದರಿದರು, ಅಂಗಲಾಚಿದರು, ಅದರ ಚಾಂಚಲ್ಯವನ್ನು ಲೋಕದ ಮುಂದೆ ಬಯಲುಮಾಡಿದರು. ಬಸವಣ್ಣನವರ ಭಕ್ತಸ್ಥಲದ ವಚನಗಳಲ್ಲಿ ಆತ್ಮನಿಂದೆ ತುಂಬಿ ಬರುತ್ತದೆ. ಅಕ್ಕಮಹಾದೇವಿಯ ವಚನಗಳಲ್ಲಿ ಅಗಲಿಕೆಯ ಉರಿ ಇದೆ. ಇವನ್ನು ಓದಿದ ಕೆಲವರು ಈಚೆಗೆ, ಶರಣರನ್ನೂ ಖಿನ್ನತೆ ಬಿಟ್ಟಿರಲಿಲ್ಲವೆಂದು ಲಘುವಾಗಿ ನುಡಿಯುವುದುಂಟು. ಈ ಮಾತಿನಿಂದ ಶರಣರಿಗೂ ನ್ಯಾಯ ಸಲ್ಲದು, ಖಿನ್ನತೆಯಿಂದ ನರಳುವವರಿಗೂ ನ್ಯಾಯ ಸಲ್ಲದು.

ಭಕ್ತನ ಅಳಲಿಗೆ ಒಂದು ದಿಕ್ಕಿದೆ. ಅವನು ಯಾವುದನ್ನೋ ಬಯಸಿ, ಅದು ದೊರೆಯದೆ ಅಳುತ್ತಾನೆ. ಬಯಕೆ ಜೀವಂತವಾಗಿರುವುದರಿಂದಲೇ ನೋವೂ ಜೀವಂತವಾಗಿರುತ್ತದೆ. ವೈದ್ಯರು ಖಿನ್ನತೆ ಎಂದು ಕರೆಯುವ ಕಾಯಿಲೆಯಲ್ಲಿ ಬತ್ತಿಹೋಗುವುದು ಆ ಬಯಕೆಯೇ. ನಿತ್ಯ ಪೂಜೆಗೆ ಕುಳಿತವನಿಗೆ ಕರಸ್ಥಲದ ಲಿಂಗದ ಮೇಲೆ ದೃಷ್ಟಿ ನಿಲ್ಲುವುದಿಲ್ಲ. ನಿಲ್ಲುತ್ತಿಲ್ಲವೆಂಬ ತಳಮಳವೂ ಕ್ರಮೇಣ ಮಾಯವಾಗುತ್ತದೆ. ಮೊಮ್ಮಗುವಿನ ನಗು, ಹಬ್ಬದ ಅಡುಗೆ, ಗದ್ದೆಯ ಹಸುರು ಎಲ್ಲವೂ ಒಂದೇ ಬೂದಿಬಣ್ಣಕ್ಕೆ ತಿರುಗುತ್ತವೆ. ಮತ್ತೊಂದು ಅಪಾಯವೂ ಇಲ್ಲಿದೆ. ಆತ್ಮನಿಂದೆಯ ವಚನವನ್ನು ಆರೋಗ್ಯವಂತನು ಓದಿದರೆ ಅದು ವಿನಯದ ಪಾಠವಾಗುತ್ತದೆ. ಅದೇ ವಚನವನ್ನು ಖಿನ್ನತೆಯಲ್ಲಿರುವವನು ಓದಿದರೆ ತನ್ನ ಮೇಲೆ ಹೊರಡಿಸಿದ ತೀರ್ಪಿನಂತೆ ಕೇಳಿಸಿಕೊಳ್ಳುತ್ತಾನೆ. ತಾನು ಅಯೋಗ್ಯನೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಹಿಡಿಯುತ್ತಾನೆ. ಆದುದರಿಂದ ಈ ವ್ಯಾಧಿಯನ್ನು ನಾಡು ಹೇಗೆ ಕಂಡಿತು, ಎಷ್ಟು ಕಾಲ ಕಾಣದೇ ಉಳಿಯಿತು ಎಂಬ ಇತಿಹಾಸ ಭಕ್ತರಿಗೂ ತಿಳಿದಿರಬೇಕಾದದ್ದು.

ಖಿನ್ನ ಎಂಬ ಶಬ್ದ ಹಳೆಯದು. ಅದು ಒಂದು ಕಾಯಿಲೆಯ ಹೆಸರಾದದ್ದು ಮಾತ್ರ ಇತ್ತೀಚಿನ ಸಂಗತಿ. ಆಡುನುಡಿಯಲ್ಲಿ ಬೇಸರ, ದುಗುಡ, ಚಿಂತೆ, ಮಂಕು ಮುಂತಾದ ಮಾತುಗಳಿದ್ದವು. ಶಾಸ್ತ್ರಗಳಲ್ಲಿ ವಿಷಾದ ಎಂಬ ಪದವಿತ್ತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದೊಂದು ಬಗೆಯ ಪರಿಣಾಮಕ್ಕೂ ಅಗ್ರಗಣ್ಯವಾದ ಕಾರಣ ಯಾವುದೆಂದು ಪಟ್ಟಿಮಾಡುವ ಸಂದರ್ಭ ಬರುತ್ತದೆ. ಅಲ್ಲಿ ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದಕ್ಕೆ ಮೊದಲ ಸ್ಥಾನ ಸಂದಿದೆ. ಮನಸ್ಸಿನ ಕುಗ್ಗುವಿಕೆ ದೇಹಕ್ಕೂ ಇಳಿಯುತ್ತದೆಂಬ ಅರಿವು ನಮ್ಮ ಹಿಂದಿನವರಿಗೆ ಇತ್ತೆಂಬುದಕ್ಕೆ ಇಷ್ಟು ಸಾಕು. ಆದರೆ ಅರಿವು ಗ್ರಂಥದಲ್ಲಿರುವುದು ಬೇರೆ, ನರಳುವವನ ಮನೆಯಂಗಳಕ್ಕೆ ಬರುವುದು ಬೇರೆ.

ಆಧುನಿಕ ಕಾಲದ ಕಥೆ ಬೆಂಗಳೂರಿನಿಂದ ಆರಂಭವಾಗುತ್ತದೆ. 1847ರಲ್ಲಿ ಅಲ್ಲಿ 'ಲ್ಯೂನಾಟಿಕ್ ಅಸೈಲಂ' ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನು ತೆಗೆದು 'ಮಾನಸಿಕ ಆಸ್ಪತ್ರೆ' ಎಂಬರ್ಥದ ಹೆಸರನ್ನು ಕೊಟ್ಟಿತು; ಹೆಸರಿನ ಈ ಬದಲಾವಣೆ ಚಿಕ್ಕದಾಗಿ ಕಂಡರೂ, ಬಂಧನದ ತಾಣವೊಂದು ಚಿಕಿತ್ಸೆಯ ತಾಣವಾಗಬೇಕೆಂಬ ಇಚ್ಛೆ ಅದರ ಹಿಂದೆ ಇತ್ತು. 1954ರಲ್ಲಿ ಅದರ ಮಗ್ಗುಲಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಇವೆರಡೂ ಕೂಡಿ ಇಂದು ಎಲ್ಲರೂ ಬಲ್ಲ ನಿಮ್ಹಾನ್ಸ್ ಆಯಿತು.

ಇಷ್ಟೆಲ್ಲ ಆದರೂ ಈ ಇತಿಹಾಸದಲ್ಲಿ ಖಿನ್ನತೆಯ ರೋಗಿ ಬಹುಕಾಲ ಕಾಣಿಸಿಕೊಳ್ಳುವುದೇ ಇಲ್ಲ. ಕಾರಣ ಸರಳ. ಆಸ್ಪತ್ರೆಗೆ ಒಯ್ಯಲ್ಪಡುತ್ತಿದ್ದವನು ಕೂಗುವವನು, ಬೀದಿಗೆ ಓಡುವವನು, ಕಲ್ಲು ತೂರುವವನು. ಅವನಿಂದ ಊರಿಗೆ ತೊಂದರೆ. ಊರು ಅವನನ್ನು ಗಮನಿಸಲೇಬೇಕಾಗಿತ್ತು. ಖಿನ್ನತೆಯವನಾದರೋ ಕತ್ತಲೆಯ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿರುತ್ತಾನೆ. ಅವಳು ಸೊಸೆಯಾದರೆ ಮಲಗುವುದಕ್ಕೂ ಆಸ್ಪದವಿಲ್ಲ. ಮೌನವಾಗಿ ರೊಟ್ಟಿ ಬಡಿಯುತ್ತಿರುತ್ತಾಳೆ. ಯಾರಿಗೂ ತೊಂದರೆ ಕೊಡದ ಕಾಯಿಲೆ ಯಾರ ದಾಖಲೆಗೂ ಸೇರುವುದಿಲ್ಲ.

ಹೀಗೆ ದಾಖಲೆಗೆ ಸೇರದ್ದನ್ನು ವಿದ್ವಾಂಸರು ಇಲ್ಲವೆಂದೇ ತಿಳಿದರು. ಖಿನ್ನತೆ ಎಂಬುದು ಪಾಶ್ಚಾತ್ಯರ ಕಾಯಿಲೆ, ಕಪ್ಪುಜನರಲ್ಲಿ ಹಾಗೂ ಏಷ್ಯಾದ ಹಳ್ಳಿಗರಲ್ಲಿ ಅದು ಅಪರೂಪ ಎಂಬ ಅಭಿಪ್ರಾಯ ವಸಾಹತು ಕಾಲದ ವೈದ್ಯರಲ್ಲಿ ಬೇರೂರಿತ್ತು. ಕೀನ್ಯಾದಲ್ಲಿ ಕೆಲಸ ಮಾಡಿದ ಜೆ. ಸಿ. ಕ್ಯಾರದರ್ಸ್ ಎಂಬಾತನು 1953ರಲ್ಲಿ ಆಫ್ರಿಕನ್ನರ ಮನಸ್ಸಿನ ಬಗ್ಗೆ ಬರೆದ ಗ್ರಂಥ ಈ ದೃಷ್ಟಿಗೆ ಹೆಸರಾದುದು. ಹಳ್ಳಿಗನಿಗೆ ಖಿನ್ನನಾಗುವಷ್ಟು ಒಳಗಿನ ಬದುಕೇ ಇಲ್ಲವೆಂಬ ಧ್ವನಿ ಇಂತಹ ಬರಹಗಳಲ್ಲಿ ಅಡಗಿತ್ತು. ಹನ್ನೆರಡನೆಯ ಶತಮಾನದಲ್ಲಿಯೇ ಹರಿಗೋಲು ನಡೆಸುವವನೂ ಚಪ್ಪಲಿ ಹೊಲಿಯುವವನೂ ತಮ್ಮ ಅಂತರಂಗವನ್ನು ಶೋಧಿಸಿ ವಚನ ಬರೆದ ನಾಡಿನವರಿಗೆ ಈ ಅಭಿಪ್ರಾಯದ ಟೊಳ್ಳುತನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 1979ರಲ್ಲಿ ಆರ್ಲಿ ಮತ್ತು ವಿಂಗ್ ಎಂಬ ಸಂಶೋಧಕರು ಉಗಾಂಡದ ಹಳ್ಳಿಗಳ ಹೆಂಗಸರನ್ನೂ ಲಂಡನ್ನಿನ ಒಂದು ಬಡಾವಣೆಯ ಹೆಂಗಸರನ್ನೂ ಒಂದೇ ಅಳತೆಗೋಲಿನಿಂದ ನೋಡಿದಾಗ, ಖಿನ್ನತೆ ಹೆಚ್ಚಾಗಿ ಕಂಡದ್ದು ಉಗಾಂಡದ ಹಳ್ಳಿಗಳಲ್ಲಿ.

ಕನ್ನಡ ನಾಡಿನಲ್ಲಿ ಇಂತಹ ಪ್ರಶ್ನೆಯನ್ನು ಊರೊಳಗೆ ಹೋಗಿ ಕೇಳಿದವರು ಡಾ. ಆರ್. ಎಲ್. ಕಪೂರ್ ಮತ್ತು ಜಿ. ಮಾರಿಸ್ ಕಾರ್‌ಸ್ಟೇರ್ಸ್. ಅವರು ಆರಿಸಿಕೊಂಡದ್ದು ಇಂದಿನ ಉಡುಪಿ ಜಿಲ್ಲೆಯ ಕೋಟ. (ಶಿವರಾಮ ಕಾರಂತರು ಹುಟ್ಟಿದ ಊರೆಂದು ಕನ್ನಡಿಗರಿಗೆ ಅದು ಮೊದಲೇ ಪರಿಚಿತ.) ಅಲ್ಲಿಯ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೂ ಹೋಗಿ, ಇಲ್ಲಿಯ ಜನರ ನುಡಿಗೆ ಹೊಂದುವಂತೆ ತಾವೇ ಸಿದ್ಧಪಡಿಸಿದ ಪ್ರಶ್ನಾವಳಿಯ ನೆರವಿನಿಂದ ಸುಖದುಃಖ ವಿಚಾರಿಸಿದರು. ಆ ಅಧ್ಯಯನ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಗ್ರಂಥವಾಗಿ ಹೊರಬಂದಿತು. ಒಂದು ಹಳ್ಳಿಯನ್ನು ಮಹಾವಿಶ್ವವೆಂದು ಕರೆದ ಆ ಹೆಸರಿನಲ್ಲಿಯೇ ಹಳೆಯ ತಾತ್ಸಾರಕ್ಕೆ ಉತ್ತರವಿದೆ. ವೈದ್ಯ, ಮಂತ್ರವಾದಿ, ಪಾತ್ರಿ ಈ ಮೂವರ ಬಳಿಗೂ ಜನ ಹೋಗುತ್ತಿದ್ದರೆಂದೂ, ಅವರಲ್ಲಿ ಅನೇಕರು ಆಧುನಿಕ ವೈದ್ಯರನ್ನೂ ಕಾಣುತ್ತಿದ್ದರೆಂದೂ, ಇದರಲ್ಲಿ ವಿರೋಧವಿದೆಯೆಂದು ಅವರಿಗೆ ತೋರಲಿಲ್ಲವೆಂದೂ ಕಪೂರರು ಕಂಡುಕೊಂಡರು. ನಂಬಿದವನ ಹತ್ತಿರವೂ ಹೋಗುವುದು, ಔಷಧ ಕೊಡುವವನ ಹತ್ತಿರವೂ ಹೋಗುವುದು. ಕಷ್ಟದಲ್ಲಿರುವವನ ಈ ವಿವೇಕವನ್ನು ಅಂಧಶ್ರದ್ಧೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು.

1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ವಿಭಾಗ ಆರಂಭವಾಯಿತು. ಬೆಂಗಳೂರಿನ ಹೊರವಲಯದ ಸಕಲವಾರ ಅದರ ಗ್ರಾಮೀಣ ಕೇಂದ್ರ. ಮನೋವೈದ್ಯರ ಸಂಖ್ಯೆ ಎಂದಿಗೂ ಹಳ್ಳಿಗಳಿಗೆ ಸಾಲದು. ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಮತ್ತು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಡಬೇಕೆಂಬುದು ಅಲ್ಲಿ ರೂಪುಗೊಂಡ ವಿಚಾರ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಾಗ, ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಲು 1985ರಲ್ಲಿ ಆಯ್ದುಕೊಂಡದ್ದು ಬಳ್ಳಾರಿಯನ್ನು. ಅಲ್ಲಿಯ ಅನುಭವದ ಬಲದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಇತರ ಜಿಲ್ಲೆಗಳಿಗೆ ಹೊರಟಿತು. ಬಳ್ಳಾರಿಯ ಬಿಸಿಲಿನಲ್ಲಿ ನಡೆದಾಡಿದ ಆರೋಗ್ಯ ಕಾರ್ಯಕರ್ತರ ಹೆಸರುಗಳು ಎಲ್ಲಿಯೂ ಕೆತ್ತಲ್ಪಟ್ಟಿಲ್ಲ. ಇಡೀ ಭಾರತದ ಯೋಜನೆಗೆ ಮಾದರಿಯಾದದ್ದು ಮಾತ್ರ ಅವರ ನಡಿಗೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಅಂದು ಆದ್ಯತೆ ದೊರೆತದ್ದು ತೀವ್ರ ಮನೋವಿಕಾರಗಳಿಗೆ ಮತ್ತು ಮೂರ್ಛೆರೋಗಕ್ಕೆ. ಸದ್ದು ಮಾಡುವ ಕಾಯಿಲೆಯೇ ಮತ್ತೆ ಮೊದಲ ಸಾಲಿನಲ್ಲಿ ನಿಂತಿತು. ಸದ್ದಿಲ್ಲದ್ದು ಹಿಂದೆ ಉಳಿಯಿತು.

ಈ ಹಿಂದುಳಿಯುವಿಕೆ ಎಷ್ಟರಮಟ್ಟಿಗಿನದು ಎಂಬುದನ್ನು ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತೋರಿಸಿತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಆದರೂ ಅದರ ಫಲಿತಾಂಶ ಎಲ್ಲರೂ ಯೋಚಿಸುವಂಥದು. ವಯಸ್ಕರಲ್ಲಿ ಇಪ್ಪತ್ತು ಜನರಿಗೆ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ಅಂತಹವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ.

ತಲುಪದಿರುವುದಕ್ಕೆ ಬಡತನ, ದೂರ, ನಾಚಿಕೆ ಎಲ್ಲವೂ ಕಾರಣಗಳೇ. ಇವಕ್ಕಿಂತ ಹಿಂದಿನ ಕಾರಣವೊಂದಿದೆ: ರೋಗಿಯು ತನ್ನ ಕಾಯಿಲೆಯನ್ನು ಮನಸ್ಸಿನ ಭಾಷೆಯಲ್ಲಿ ಹೇಳುವುದಿಲ್ಲ. ನಮ್ಮ ಆಸ್ಪತ್ರೆಗಳಿಗೆ ಖಿನ್ನತೆ ಬರುವುದು ಮೈಕೈ ನೋವಾಗಿ, ತಲೆಭಾರವಾಗಿ, ಎದೆ ಹಿಡಿದಂತಾಗಿ, ಹೊಟ್ಟೆಯ ಉರಿಯಾಗಿ, ನಿಶ್ಶಕ್ತಿಯಾಗಿ. ರಕ್ತ ಪರೀಕ್ಷೆ ಆಗುತ್ತದೆ, ಶಕ್ತಿಯ ಚುಚ್ಚುಮದ್ದು ಆಗುತ್ತದೆ, ಏನೂ ಇಲ್ಲವೆಂಬ ಮಾತಿನೊಡನೆ ರೋಗಿ ಮನೆಗೆ ಮರಳುತ್ತಾನೆ. ಏನೂ ಇಲ್ಲವೆಂಬ ಆ ಮಾತು ಅವನನ್ನು ಇನ್ನಷ್ಟು ಒಂಟಿಯಾಗಿಸುತ್ತದೆ. ವೈದ್ಯರ ಅಳತೆಗೋಲು ತಿಳಿಯಲು ಕಷ್ಟವಾದದ್ದಲ್ಲ. ಕನಿಷ್ಠ ಎರಡು ವಾರ, ದಿನದ ಬಹುಭಾಗ, ಹೆಚ್ಚು ಕಡಿಮೆ ಪ್ರತಿದಿನ ಮನಸ್ಸು ಕುಗ್ಗಿರಬೇಕು, ಇಲ್ಲವೆ ಹಿಂದೆ ಇಷ್ಟವಾಗಿದ್ದರಲ್ಲಿ ಆಸಕ್ತಿ ಅಳಿದಿರಬೇಕು. ಅದರೊಡನೆ ನಿದ್ರೆ ಕೆಡುವುದು, ಹಸಿವು ಇಂಗುವುದು, ದಣಿವು, ಮಾತು ನಡೆಗಳಲ್ಲಿ ಮಂದಗತಿ, ಗಮನ ನಿಲ್ಲದಿರುವುದು, ತಾನು ನಿಷ್ಪ್ರಯೋಜಕನೆಂಬ ಭಾವ, ಸಾವಿನ ಯೋಚನೆ ಇವುಗಳಲ್ಲಿ ಕೆಲವು ಸೇರಿರುತ್ತವೆ. ನಸುಕಿನಲ್ಲಿ ಬೇಗ ಎಚ್ಚರವಾಗಿ, ಆ ಹೊತ್ತಿನಲ್ಲಿಯೇ ಸಂಕಟ ಅತ್ಯಧಿಕವಾಗಿ, ಸಂಜೆಗೆ ಸ್ವಲ್ಪ ಹಗುರಾಗುವುದೂ ಅನೇಕರಲ್ಲಿ ಕಾಣುವ ಲಕ್ಷಣ. ಥೈರಾಯ್ಡ್ ಗ್ರಂಥಿಯ ಕೊರತೆ, ರಕ್ತಹೀನತೆಗಳೂ ಇದೇ ವೇಷದಲ್ಲಿ ಬರಬಹುದಾದ್ದರಿಂದ ವೈದ್ಯರ ತಪಾಸಣೆ ಅವಶ್ಯ. ಹೆರಿಗೆಯಾದ ಕೆಲವು ವಾರಗಳ ಬಾಣಂತಿಯನ್ನು, ಸಂಗಾತಿಯನ್ನು ಕಳೆದುಕೊಂಡ ವೃದ್ಧರನ್ನು, ಸಾಲದಲ್ಲಿ ಬಿದ್ದು ಮಾತು ನಿಲ್ಲಿಸಿದ ರೈತನನ್ನು ಮನೆಯವರು ಈ ದೃಷ್ಟಿಯಿಂದ ವಿಶೇಷವಾಗಿ ಗಮನಿಸತಕ್ಕದ್ದು.

ಭಕ್ತರ ಮನೆಗಳಲ್ಲಿ ಈ ವಿಳಂಬಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ದೇವರಲ್ಲಿ ನಂಬಿಕೆಯುಳ್ಳವನಿಗೆ ಖಿನ್ನತೆ ಹೇಗೆ ಬಂದೀತು, ಬಂದರೆ ಅದು ಭಕ್ತಿಯ ಕೊರತೆಯೇ ಸರಿ ಎಂಬ ಮಾತು ಅದು. ಹಿತೈಷಿಗಳ ಬಾಯಿಂದಲೇ ಬರುವ ಈ ಮಾತು ಎಷ್ಟು ನಿರಾಧಾರವಾದದ್ದೆಂಬುದನ್ನು ಅರಿಯಲು ದೂರದ ಇಂಗ್ಲೆಂಡಿನ ಒಬ್ಬ ಭಕ್ತಕವಿಯ ಬಾಳನ್ನು ನೋಡಬಹುದು. ಅವನ ರೋಗದ ವಿವರಗಳು ಪತ್ರಗಳಲ್ಲಿಯೂ ಅವನ ಆತ್ಮಕಥನದಲ್ಲಿಯೂ ಉಳಿದುಬಂದಿರುವುದರಿಂದ ಇಲ್ಲಿ ಊಹೆಗೆ ಎಡೆಯಿಲ್ಲ.

ವಿಲಿಯಂ ಕೂಪರ್ ಹುಟ್ಟಿದ್ದು 1731ರಲ್ಲಿ. ಆರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. 1763ರಲ್ಲಿ, ಸಂಸತ್ತಿನ ಒಂದು ಹುದ್ದೆಗೆ ಪರೀಕ್ಷೆ ಎದುರಿಸಬೇಕಾದ ಭಯದಲ್ಲಿ ಅವನ ಮನಸ್ಸು ಕುಸಿದು, ಸಾಯಲು ಯತ್ನಿಸಿದನು. ಸೇಂಟ್ ಆಲ್ಬನ್ಸ್ ಊರಿನ ಡಾ. ನಥೇನಿಯಲ್ ಕಾಟನ್ ಎಂಬ ದಯಾಳು ವೈದ್ಯನ ಆರೈಕೆಯಲ್ಲಿ ಚೇತರಿಸಿಕೊಂಡು, ಗಾಢವಾದ ದೈವಭಕ್ತಿಗೆ ತಿರುಗಿದನು. ಆಲ್ನಿ ಎಂಬ ಊರಿನಲ್ಲಿ ನೆಲೆಸಿ, ಗೆಳೆಯನಾದ ಪಾದ್ರಿ ಜಾನ್ ನ್ಯೂಟನ್ನನೊಡನೆ ಸೇರಿ ಭಕ್ತಿಗೀತೆಗಳನ್ನು ರಚಿಸಿದನು. ಅವು 1779ರಲ್ಲಿ ಸಂಕಲನವಾಗಿ ಅಚ್ಚಾದವು. ಅವನ ಕೆಲವು ಗೀತೆಗಳನ್ನು ಇಂದಿಗೂ ಕ್ರೈಸ್ತರು ಪ್ರಾರ್ಥನೆಯಲ್ಲಿ ಹಾಡುತ್ತಾರೆ. ಆದರೆ ಗ್ರಂಥ ಅಚ್ಚಾಗುವ ಮೊದಲೇ, 1773ರಲ್ಲಿ, ಖಿನ್ನತೆ ಮರಳಿ ಬಂದಿತ್ತು. ದೇವರು ತನ್ನನ್ನು ಶಾಶ್ವತವಾಗಿ ತಿರಸ್ಕರಿಸಿದ್ದಾನೆಂಬ ಭ್ರಮೆ ಅವನಲ್ಲಿ ಬೇರೂರಿತು. ಆಮೇಲೆ ಅವನು ಸಾಮೂಹಿಕ ಪ್ರಾರ್ಥನೆಗೆ ಹೋಗಲೇ ಇಲ್ಲ. ಅವನ ಗೀತೆಗಳಿಂದ ಸಾವಿರಾರು ಜನ ಸಾಂತ್ವನ ಪಡೆಯುತ್ತಿದ್ದ ಕಾಲಕ್ಕೆ, ಅವನ್ನು ಬರೆದವನು ತನಗೆ ಪ್ರಾರ್ಥಿಸುವ ಅರ್ಹತೆಯೂ ಇಲ್ಲವೆಂದು ನಂಬಿ ಮನೆಯಲ್ಲಿ ಕುಳಿತಿದ್ದನು. ಇದನ್ನು ಭಕ್ತಿಯ ಕೊರತೆ ಎನ್ನುವವರು ಆ ಗೀತೆಗಳನ್ನು ಎಲ್ಲಿಂದ ಬಂದವೆಂದು ಹೇಳುವರೋ ತಿಳಿಯದು.

ಕೂಪರನ ಬಾಳಿನಲ್ಲಿ ಇನ್ನೂ ಗಮನಾರ್ಹವಾದದ್ದು ಆ ಭ್ರಮೆಯೊಂದಿಗೆ ಅವನು ಇಪ್ಪತ್ತೇಳು ವರ್ಷ ಬಾಳಿದ ಬಗೆ. ನೆರೆಯವರು ತಂದುಕೊಟ್ಟ ಮೊಲದ ಮರಿಗಳನ್ನು ಸಾಕಿದನು. ಅವುಗಳಿಗೆ ತನ್ನ ಕೈಯಿಂದಲೇ ಮರದ ಗೂಡುಗಳನ್ನು ಮಾಡಿದನು. ತೋಟ ಮಾಡಿದನು, ಸೌತೆಬಳ್ಳಿ ಬೆಳೆಸಿದನು, ಗೆಳೆಯರಿಗೆ ಪತ್ರ ಬರೆದನು. ಮಿತ್ರಳೊಬ್ಬಳು ತಮಾಷೆಗೆ ಕೊಟ್ಟ ವಿಷಯದ ಮೇಲೆ ಬರೆಯಲು ಕುಳಿತು 1785ರಲ್ಲಿ 'ದಿ ಟಾಸ್ಕ್' ಎಂಬ ದೀರ್ಘಕಾವ್ಯವನ್ನು ಪ್ರಕಟಿಸಿದನು. 1791ರಲ್ಲಿ ಹೋಮರನ ಕಾವ್ಯಗಳ ಅನುವಾದವನ್ನು ಹೊರತಂದನು. ಇಷ್ಟು ಕಾಲ ಅವನ ಪಕ್ಕದಲ್ಲಿ ಮೇರಿ ಅನ್ವಿನ್ ಎಂಬ ವಿಧವೆ ಇದ್ದಳು. ಉಪದೇಶ ಮಾಡುವವರು ಬಂದು ಹೋದರು. ಅವಳು ಮಾತ್ರ ಬಿಟ್ಟು ಹೋಗಲಿಲ್ಲ. 1796ರಲ್ಲಿ ಅವಳು ತೀರಿಕೊಂಡ ಬಳಿಕ ಅವನು ಮತ್ತೆ ಮೇಲೇಳಲಿಲ್ಲ. 1800ರ ಏಪ್ರಿಲ್‌ನಲ್ಲಿ ಕಣ್ಮುಚ್ಚಿದನು. ಅವನ ಕಾಲಕ್ಕೆ ಔಷಧವಿರಲಿಲ್ಲ ಎಂಬುದನ್ನು ಮರೆಯಬಾರದು.

ಔಷಧ ಬಂದದ್ದು ಅದಾದ ಒಂದೂವರೆ ಶತಮಾನದ ಮೇಲೆ. ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್ಲಿಂಗನ್ ಆಸ್ಪತ್ರೆಯ ವೈದ್ಯ ರೋಲಾಂಡ್ ಕೂನ್, ಬೇರೊಂದು ಮನೋವ್ಯಾಧಿಗೆಂದು ಪರೀಕ್ಷೆಗೆ ಬಂದಿದ್ದ ಇಮಿಪ್ರಮೀನ್ ಎಂಬ ಔಷಧ ಖಿನ್ನತೆಯನ್ನು ಕಳೆಯುತ್ತದೆಂದು ಕಂಡು 1957ರಲ್ಲಿ ಪ್ರಕಟಿಸಿದನು. ಅಂದಿನಿಂದ ಹಲವು ಸುಧಾರಿತ ಔಷಧಗಳು ಬಂದಿವೆ. ಇವುಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಮೂರನೆಯ ದಿನವೇ ಪ್ರಯೋಜನವಿಲ್ಲವೆಂದು ಬಿಡುವವರೂ ಉಂಟು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವಾಗ ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಬೇಕಾಗುತ್ತದೆ. ಇವು ಮದ್ಯದಂತೆ ಚಟ ಹಿಡಿಸುತ್ತವೆಂಬ ಭೀತಿಗೆ ಆಧಾರವಿಲ್ಲ.

ಸೌಮ್ಯ ಖಿನ್ನತೆಗೆ ಹಲವು ವೇಳೆ ಔಷಧವೇ ಬೇಕಾಗುವುದಿಲ್ಲ. ತೀವ್ರ ಖಿನ್ನತೆಯಲ್ಲಿಯೂ ಮಾತಿನ ಚಿಕಿತ್ಸೆಗೆ ಸ್ಥಾನವಿದೆ. ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆಯವರು, ಮನೋವೈದ್ಯರಲ್ಲದ ಸ್ಥಳೀಯ ಜನರಿಗೇ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳ ಸಮಾಲೋಚನೆಯನ್ನು ನಡೆಸಿ ನೋಡಿದರು. ತೀವ್ರ ಖಿನ್ನತೆಯವರಿಗೂ ಅದರಿಂದ ಗುಣವಾದದ್ದನ್ನು 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ಆ ಚಿಕಿತ್ಸೆಯ ತಿರುಳು ಇಷ್ಟೆ: ಮನಸ್ಸು ಬರಲೆಂದು ಕಾಯದೆ, ಬಿಟ್ಟುಹೋದ ಕೆಲಸಗಳಲ್ಲಿ ಅತಿ ಚಿಕ್ಕದೊಂದನ್ನು ಮರಳಿ ಹಿಡಿಯುವುದು, ಮನಸ್ಸು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಕೂಪರನು ಮೊಲದ ಗೂಡು ಹೆಣೆಯುತ್ತ ತಾನೇ ಕಂಡುಕೊಂಡದ್ದೂ ಇದನ್ನೇ.

ಕಾಯಕದ ಪರಂಪರೆಯವರಿಗೆ ಈ ತತ್ತ್ವ ಹೊಸದೆನಿಸದು. ಹಾಗೆಂದು ಅದನ್ನು ಮಲಗಿದವನ ಮೇಲೆ ಕೋಲಿನಂತೆ ಬೀಸಬಾರದು. ಎದ್ದು ದುಡಿದರೆ ಎಲ್ಲ ಸರಿಹೋಗುತ್ತದೆಂದು ಖಿನ್ನತೆಯವನಿಗೆ ಹೇಳುವುದು, ಕಾಲು ಮುರಿದವನಿಗೆ ಜಾತ್ರೆಯ ತೇರೆಳೆಯಲು ಹೇಳಿದಂತೆ. ಮೊದಲ ದಿನ ಮುಖ ತೊಳೆದು ಜಗುಲಿಯಲ್ಲಿ ಹತ್ತು ನಿಮಿಷ ಕುಳಿತರೆ ಅದೇ ಅಂದಿನ ಕಾಯಕ. ನಾಳೆ ತುಳಸಿಗೋ ಬಿಲ್ವದ ಸಸಿಗೋ ಒಂದು ತಂಬಿಗೆ ನೀರು. ಪೂಜೆಯಲ್ಲಿಯೂ ಹೀಗೆಯೇ, ಪೂರ್ಣ ವಿಧಿ ಸಾಗದಿದ್ದಲ್ಲಿ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಮೌನವಾಗಿ ಕುಳಿತರೂ ಸಾಕು. ಆತ್ಮನಿಂದೆಯ ವಚನಗಳನ್ನು ಆ ದಿನಗಳಲ್ಲಿ ಬದಿಗಿರಿಸುವುದು ಮೇಲು. ಗುಣವಾದ ಮೇಲೆ ಅವು ಎಲ್ಲಿಯೂ ಹೋಗಿರುವುದಿಲ್ಲ.

ಸಾವಿನ ಮಾತನ್ನು ರೋಗಿಯು ಎತ್ತಿದರೆ ಅದನ್ನು ನಾಟಕವೆಂದು ತಳ್ಳದೆ, ಹಾಗೆ ಅನಿಸುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಬಿತ್ತಿದಂತಾಗುವುದಿಲ್ಲವೆಂದು ಮನೋವೈದ್ಯರು ಹೇಳುತ್ತಾರೆ. ಅಂತಹವರನ್ನು ಒಂಟಿಯಾಗಿ ಬಿಡಬಾರದು. ಕೀಟನಾಶಕದಂತಹ ವಸ್ತುಗಳು ಕೈಗೆಟುಕದಂತಿರಬೇಕು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸರ ಭಯದಿಂದ ಇಂತಹ ಸಂಗತಿಗಳನ್ನು ಮುಚ್ಚಿಡುತ್ತಿದ್ದ ಕಾಲವೊಂದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಗೆ ಬಂದಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಸರ್ಕಾರವು ಆರೈಕೆ ಒದಗಿಸಬೇಕು ಎಂದು ಅದು ವಿಧಿಸಿದೆ. ಅದನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಉಳಿಸಿಕೊಂಡಿಲ್ಲ.

ಆಸ್ಪತ್ರೆಯ ಮೆಟ್ಟಿಲು ಹತ್ತಲು ಸಂಕೋಚವಿರುವವರಿಗಾಗಿ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. ಇದರ ರಾಷ್ಟ್ರೀಯ ಕೇಂದ್ರವೂ ನಿಮ್ಹಾನ್ಸ್‌ನಲ್ಲಿಯೇ ಇದೆ. ಸಂಖ್ಯೆ 14416. ಹಗಲಿರುಳೂ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ನಿದ್ರೆ ಬರುತ್ತಿಲ್ಲ, ಮೈಕೈ ನೋವು, ಯಾವುದೂ ಬೇಡವೆನಿಸುತ್ತದೆ ಎಂದಷ್ಟೇ ಹೇಳಿದರೂ ಮಾತು ಆರಂಭಿಸಲು ಸಾಕು. ಮನೆಯವರೂ ರೋಗಿಯ ಪರವಾಗಿ ಕರೆಮಾಡಬಹುದು.